ತೋಟದ ನಾಯಿಗೆ ಎಂಟು ತಿಂಗಳಾದಾಗ: ಘಾಟಿಗೆ ಬಿಟ್ಟು ಬರೋ ಮುನ್ನ ಒಂದು ಮಾತು

ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಇದ್ದಾಗ ನಮ್ಮ ಪಕ್ಕದೂರಿನ ಹುಡುಗ ಒಬ್ಬ ಫೋನ್ ಮಾಡಿದ. "ಅಣ್ಣ, ನಿಮ್ ಕಡೆ ಯಾರಿಗಾದ್ರೂ ನಾಯಿ ಬೇಕಾ? ಸುಮ್ನೆ ಕೊಡ್ತೀನಿ, ತಗೊಂಡು ಹೋದ್ರೆ ಸಾಕು" ಅಂದ. ಏನಾಯ್ತಪ್ಪ ಅಂದ್ರೆ ಪಟ್ಟಿ ಓದಿದ. ನರ್ಸರಿಯಲ್ಲಿ ಮೆಣಸಿನ ಬಳ್ಳಿ ಹಾಕಿದ್ದ ಪಾಲಿಥಿನ್ ಚೀಲ ನಲವತ್ತು ಕಿತ್ತು ಹಾಕಿದೆ. ಡ್ರಿಪ್ ಪೈಪು ಕಡಿದಿದೆ. ಕಣದಲ್ಲಿ ಒಣಗೋಕೆ ಹಾಕಿದ್ದ ಕಾಫಿ ಮೇಲೆ ಹೊರಳಾಡಿ, ಕೆದರಿ, ಅದರ ಮೇಲೇ ಉಚ್ಚೆ ಹೊಯ್ದಿದೆ. ಎರಡು ನಾಟಿ ಕೋಳಿ ಹಿಡಿದಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಕೆಲಸಕ್ಕೆ ಬರೋ ಹೆಂಗಸರ ಸೆರಗು ಹಿಡಿದು ಎಳೆಯುತ್ತೆ, ಅವರು "ನಾಯಿ ಕಟ್ಟಿದ್ರೆ ಮಾತ್ರ ಬರ್ತೀವಿ" ಅಂತಿದ್ದಾರೆ. ಆಳು ಸಿಗದ ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ.

"ಎಷ್ಟು ತಿಂಗಳಾಯ್ತು ಅದಕ್ಕೆ?" ಅಂತ ಕೇಳಿದೆ.

"ಒಂಬತ್ತು. ಮೊದ್ಲು ಎಷ್ಟು ಚೆನ್ನಾಗಿತ್ತು ಗೊತ್ತಾ ಅಣ್ಣ. ಕರೆದ್ರೆ ಓಡಿ ಬರೋದು. ಈಗ ತಲೆ ಕೆಟ್ಟೋಗಿದೆ. ಯಾರೂ ತಗೊಳ್ದಿದ್ರೆ ಘಾಟಿಗೆ ಬಿಟ್ಟು ಬರ್ತೀನಿ."

ಈ ವಾರ ಮೆಣಸಿನ ಬಗ್ಗೆ ಬರೆಯೋಣ ಅಂತಿದ್ದವನು ನಾಯಿ ಬಗ್ಗೆ ಬರೆಯೋಕೆ ಕೂತಿದ್ದು ಆ ಕೊನೆಯ ಮಾತಿಗೆ. ಯಾಕಂದ್ರೆ ಆ ಕೆಲಸ ನಾನೂ ಮಾಡಿದವನೇ.

ನಾನು ಬಿಟ್ಟು ಬಂದ ನಾಯಿ

ಹತ್ತು ವರ್ಷದ ಹಿಂದಿನ ಮಾತು. ನಲವತ್ತೈದು ದಿನದ ಮರಿ ತಂದು ಕರಿಯ ಅಂತ ಹೆಸರಿಟ್ಟಿದ್ದೆ. ಆರು ತಿಂಗಳವರೆಗೆ ಮನೆ ಮಗು ಹಾಗೆ ಇತ್ತು. ಆಮೇಲೆ ಶುರುವಾಯ್ತು ನೋಡಿ. ಗಮ್ ಬೂಟು, ಸ್ಪ್ರೇಯರ್ ಪೈಪು, ಗೋಣಿಚೀಲ, ಅಪ್ಪನ ಕಂಬಳಿ, ಒಂದೂ ಬಿಡಲಿಲ್ಲ. ಕರೆದ್ರೆ ತಿರುಗಿ ನೋಡಿ ಬೇರೆ ಕಡೆ ಓಡೋದು. ನಾನು ಕೋಲು ತಗೊಂಡೆ. ಹೊಡೆದಷ್ಟೂ ನನ್ನನ್ನ ಕಂಡ್ರೆ ದೂರ ಓಡೋಕೆ ಶುರು ಮಾಡ್ತು. ಪಕ್ಕದ ತೋಟದವರ ಕೋಳಿ ಹಿಡಿದು ಜಗಳ ಆದ ಮಾರನೇ ದಿನ, ಗೋಣಿಚೀಲಕ್ಕೆ ಹಾಕಿ ಜೀಪಲ್ಲಿ ತಗೊಂಡು ಹೋಗಿ ಶಿರಾಡಿ ಘಾಟಿಯ ರಸ್ತೆ ಬದಿಗೆ ಬಿಟ್ಟು ಬಂದೆ. ಒಂದು ತಿರುವಿನವರೆಗೆ ಜೀಪಿನ ಹಿಂದೆ ಓಡಿ ಬಂತು.

ಮನೆಗೆ ಬಂದಾಗ ಅಮ್ಮ ಬೈಯಲಿಲ್ಲ. "ಅದರ ತಟ್ಟೆ ಏನ್ ಮಾಡ್ಲಿ?" ಅಂತ ಮಾತ್ರ ಕೇಳಿದ್ರು. ಮೂರನೇ ದಿನ ತಡೆಯೋಕಾಗದೆ ಹುಡುಕಿಕೊಂಡು ಹೋದೆ. ಮಂಗಳೂರು ಲಾರಿಗಳು ಹಗಲು ರಾತ್ರಿ ಓಡಾಡೋ ರಸ್ತೆ ಅದು. ಸಿಗಲಿಲ್ಲ.

ಅವತ್ತು ನನಗೆ ಗೊತ್ತಿರಲಿಲ್ಲ, ಇನ್ನು ಐದಾರು ತಿಂಗಳು ತಾಳಿಕೊಂಡಿದ್ರೆ ಅದೇ ಕರಿಯ ಒಳ್ಳೆ ತೋಟದ ನಾಯಿ ಆಗ್ತಿತ್ತು ಅಂತ. ನಿಮಗಾದ್ರೂ ಗೊತ್ತಿರಲಿ ಅಂತ ಬರೀತಿದ್ದೀನಿ.

ತಲೆ ಕೆಟ್ಟಿಲ್ಲ, ವಯಸ್ಸು ಅಂಥದ್ದು

ನಾಯಿಗೂ ಹದಿಹರೆಯ ಅಂತ ಒಂದಿದೆ. ಸುಮಾರು ಆರು ತಿಂಗಳಿಗೆ ಶುರುವಾಗಿ ಒಂದು, ಒಂದೂವರೆ ವರ್ಷದವರೆಗೆ ಇರುತ್ತೆ. ದೊಡ್ಡ ಜಾತಿ ನಾಯಿಗಳಲ್ಲಿ ಎರಡು ವರ್ಷದವರೆಗೂ ಎಳೆಯಬಹುದು. 28 ಹಾಲುಹಲ್ಲು ಬಿದ್ದು 42 ಗಟ್ಟಿ ಹಲ್ಲು ಬರೋದು ನಾಲ್ಕರಿಂದ ಏಳು ತಿಂಗಳ ಒಳಗೆ. ಆಗ ಒಸಡು ನವೆಯಾಗಿ ಸಿಕ್ಕಿದ್ದೆಲ್ಲ ಕಚ್ಚುತ್ತೆ. ಹಲ್ಲು ಬಂದು ಮುಗಿದ ಮೇಲೂ ಕಡಿಯೋ ಚಟ ನಿಲ್ಲಲ್ಲ, ಯಾಕಂದ್ರೆ ಮೈಯಲ್ಲಿ ಶಕ್ತಿ ತುಂಬಿದೆ, ಮಾಡೋಕೆ ಕೆಲಸ ಇಲ್ಲ. ಇದೇ ಹೊತ್ತಿಗೆ ಗಂಡು ನಾಯಿ ಊರು ಸುತ್ತೋಕೆ ಶುರು ಮಾಡುತ್ತೆ, ಹೆಣ್ಣು ನಾಯಿ ಮೊದಲ ಸಲ ಬೆದೆಗೆ ಬರುತ್ತೆ.

ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಇದನ್ನ ಅಭ್ಯಾಸ ಮಾಡಿ 2020ರಲ್ಲಿ ವರದಿ ಪ್ರಕಟಿಸಿದ್ದಾರೆ. ಕಣ್ಣು ಕಾಣದವರಿಗೆ ದಾರಿ ತೋರಿಸೋಕೆ ಸಾಕೋ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮರಿಗಳನ್ನ ಐದು ತಿಂಗಳಲ್ಲಿ ಒಮ್ಮೆ, ಎಂಟು ತಿಂಗಳಲ್ಲಿ ಒಮ್ಮೆ ನೋಡಿದ್ರು. ಐದು ತಿಂಗಳಲ್ಲಿ "ಕೂತ್ಕೋ" ಅಂದ್ರೆ ಕೂರ್ತಿದ್ದ ಮರಿ ಎಂಟು ತಿಂಗಳಲ್ಲಿ ಸಾಕಿದವರ ಮಾತು ಕಡಿಮೆ ಕೇಳ್ತಿತ್ತು. ಆದ್ರೆ ಅದೇ ಮಾತನ್ನ ಬೇರೆಯವರು ಹೇಳಿದ್ರೆ ಕೇಳ್ತಿತ್ತು! ನಮ್ಮ ಮನೆ ಹುಡುಗರು ಅಪ್ಪನ ಮಾತಿಗೆ ಮುಖ ತಿರುಗಿಸಿ ಮಾವ ಹೇಳಿದ್ರೆ ಎದ್ದು ಹೋಗಲ್ವಾ, ಹಾಗೇ. ಆ ಮರಿಗಳಿಗೆ ಒಂದು ವರ್ಷ ತುಂಬೋ ಹೊತ್ತಿಗೆ ಈ ಹಟ ಇಳಿದಿತ್ತು ಅನ್ನೋದೂ ಆ ಅಭ್ಯಾಸದಲ್ಲೇ ಇದೆ.

ಅಂದ್ರೆ ನೀವು ಕಲಿಸಿದ್ದು ಹಾಳಾಗಿ ಹೋಗಿಲ್ಲ, ಒಳಗೇ ಇದೆ. ಜನ ನಾಯಿ ಮೇಲೆ ಆಸೆ ಬಿಡೋದು ಸರಿಯಾಗಿ ಈ ಎಂಟು ಒಂಬತ್ತನೇ ತಿಂಗಳಲ್ಲೇ. ಫಸಲು ಬರೋ ಮುಂಚೆ ಗಿಡ ಕಿತ್ತ ಹಾಗೆ ಅದು.

ನಮ್ಮ ಕಡೆ ಇದು ಬರೀ ಚಪ್ಪಲಿ ಕಡಿಯೋ ವಿಷಯ ಅಲ್ಲ

ಬೆಂಗಳೂರಿನ ಫ್ಲಾಟಿನಲ್ಲಿ ಈ ವಯಸ್ಸಿನ ನಾಯಿ ಸೋಫಾ ಹರಿಯುತ್ತೆ, ಅಷ್ಟೇ. ಆಲೂರು, ಸಕಲೇಶಪುರದ ಗುಡ್ಡಗಳಲ್ಲಿ ಅದು ಆನೆಯ ಎದುರು ಹೋಗಿ ಬೊಗಳುತ್ತೆ.

2014ರಲ್ಲಿ ಈ ಎರಡು ತಾಲ್ಲೂಕಿನಿಂದ 22 ಆನೆ ಹಿಡಿದು ಸಾಗಿಸಿದ್ರು. ಆದ್ರೂ ಆನೆ ಕಮ್ಮಿ ಆಗಿಲ್ಲ, ತೋಟದಲ್ಲೇ ಹುಟ್ಟಿ ತೋಟದಲ್ಲೇ ಬೆಳೆದ ಮರಿಗಳಿವೆ. 2023ರ ಆಗಸ್ಟ್ 31ರಂದು ನಮ್ಮ ಆಲೂರು ತಾಲ್ಲೂಕಿನಲ್ಲೇ ಅರವಳಿಕೆ ಮದ್ದು ಹೊಡೆಯೋಕೆ ಹೋಗಿದ್ದ ಆನೆ ವೆಂಕಟೇಶ್ ಕಾಡಾನೆ ದಾಳಿಗೆ ಸಿಕ್ಕು ತೀರಿಕೊಂಡ್ರು. ಅದೇ ವರ್ಷ ಡಿಸೆಂಬರ್ 4ಕ್ಕೆ, ಎಂಟು ಸಲ ಮೈಸೂರು ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಜೊತೆ ಕಾದಾಡಿ ಸತ್ತ. ಅಷ್ಟು ಅನುಭವ ಇದ್ದವರಿಗೇ ಹೀಗಾದ ಜಾಗ ಇದು.

ಇಂಥ ಕಡೆ ಒಂಬತ್ತು ತಿಂಗಳ ನಾಯಿ ಏನು ಮಾಡುತ್ತೆ? ಮುಂದೆ ಓಡಿ ಹೋಗಿ ಆನೆಗೆ ಬೊಗಳುತ್ತೆ. ಆನೆ ತಿರುಗಿ ಬಿದ್ದ ಕೂಡಲೇ ಹೆದರಿ ಎಲ್ಲಿಗೆ ಓಡಿ ಬರುತ್ತೆ? ನಿಮ್ಮ ಹತ್ರಾನೇ. ಹಿಂದೆ ಆನೆ. ವಯಸ್ಸಾದ ತೋಟದ ನಾಯಿಗಳನ್ನ ಗಮನಿಸಿ: ಆನೆ ವಾಸನೆ ಬಂದ್ರೆ ಎಷ್ಟೋ ನಾಯಿ ಮುಂದೆ ಹೋಗದೆ ನಿಂತು ಗುರ್ ಅನ್ನುತ್ತೆ, ಇಲ್ಲ ಕಾಲ ಸಂದಿಗೆ ಬರುತ್ತೆ. ಆ ಬುದ್ಧಿ ಬರೋವರೆಗೆ, ಬೆಳಗಿನ ಜಾವ ಗೇಟ್‌ವಾಲ್ ತಿರುಗಿಸೋಕೆ ಹೋಗೋವಾಗ ಮರಿನಾಯಿಯನ್ನ ಬಿಟ್ಟುಕೊಂಡು ಹೋಗಬೇಡಿ. ಆನೆ ಬಂದಿದೆ ಅಂತ ಮೊಬೈಲಿಗೆ ಮೆಸೇಜ್ ಬಂದ ದಿನ ಅದು ಮನೆಯಲ್ಲೇ ಇರಲಿ.

ಇನ್ನು ಚಿರತೆ. ಅದಕ್ಕೆ ನಾಯಿ ಅಂದ್ರೆ ಸುಲಭದ ಊಟ. ರಾತ್ರಿ ಅಂಗಳದಲ್ಲಿ ಚೈನಿಗೆ ಕಟ್ಟಿದ ನಾಯಿ ಓಡೋಕೂ ಆಗಲ್ಲ. ರಾತ್ರಿಗೆ ಬಾಗಿಲು ಭದ್ರ ಇರೋ ಗೂಡು ಬೇಕೇ ಬೇಕು. ಆಮೇಲೆ ಹಂದಿಗೆ ಅಂತ ಕೆಲವರು ಬೇಲಿ ಸಂದಿಯಲ್ಲಿ ಕಟ್ಟೋ ಉರುಳು. ಅದು ಕಾನೂನಿನ ಪ್ರಕಾರ ಅಪರಾಧ, ಆದ್ರೂ ಅಲ್ಲಲ್ಲಿ ಇದೆ. ಊರು ಸುತ್ತೋ ವಯಸ್ಸಿನ ನಾಯಿ ಸಿಕ್ಕಿಕೊಳ್ಳೋದು ಅದರಲ್ಲೇ. ನಾಯಿ ಮೊಲ, ಕಾಡುಕುರಿ ಅಟ್ಟಿಸಿಕೊಂಡು ಹೋಗಿ ಹಿಡಿದ್ರೆ, ಕೇಳೋಕೆ ಬರೋದು ನಿಮ್ಮನ್ನ, ನಾಯಿಯನ್ನಲ್ಲ.

ನಾಲ್ಕನೇದು ನಮ್ಮದೇ ಗೋಡೌನು. ಈ ವಯಸ್ಸಿನ ನಾಯಿ ಎಲ್ಲವನ್ನೂ ಬಾಯಲ್ಲಿ ನೋಡುತ್ತೆ. ಇಲಿ ಪಾಷಾಣ, ಬಸವನಹುಳಕ್ಕೆ ಹಾಕೋ ಮೆಟಾಲ್ಡಿಹೈಡ್ ಗುಳಿಗೆ, ತೌಡು ಬೆಲ್ಲ ಹಾಕಿ ಕಲಸಿದ ವಿಷದ ಉಂಡೆ, ಕಾಂಡಕೊರಕಕ್ಕೆ ಹೊಡೆಯೋ ಔಷಧಿಯ ಖಾಲಿ ಡಬ್ಬಿ, ಮೈಲುತುತ್ತ ಕಲಸಿದ ಡ್ರಮ್ಮು, ಎಲ್ಲವೂ ಅದರ ಪ್ರಾಣಕ್ಕೆ ಬರೋವಂಥವೇ. ಕಾಫಿ ಬೀಜವನ್ನ ಹೆಚ್ಚಾಗಿ ಅಗಿದು ನುಂಗಿದ್ರೆ ಅದರಲ್ಲಿರೋ ಕೆಫೀನ್ ಕೂಡ ನಾಯಿಗೆ ವಿಷ. ವಾಂತಿ, ನಡುಕ, ಎದೆ ಜೋರಾಗಿ ಬಡ್ಕೊಳ್ಳೋದು ಕಂಡ್ರೆ ಉಪ್ಪುನೀರು ಕುಡಿಸೋ ಹಳೇ ಮದ್ದು ಮಾಡಬೇಡಿ, ಅದರಿಂದಲೂ ಸಾಯಬಹುದು. ಏನು ತಿಂದಿದೆಯೋ ಅದರ ಡಬ್ಬಿಯ ಫೋಟೋ ತೆಗೆದು ಪಶುವೈದ್ಯರಿಗೆ ಕಳಿಸಿ, ತಕ್ಷಣ ಹೊರಡಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಫೋನಿನಲ್ಲಿ ಸೇವ್ ಆಗಿರಲಿ.

"ಹಾಗಾದ್ರೆ ಕಟ್ಟಿ ಹಾಕಿದ್ರೆ ಆಯ್ತಲ್ಲ?"

ಇದು ಎಲ್ಲರೂ ಕೇಳೋ ಪ್ರಶ್ನೆ. ದಿನಾ ಹೊತ್ತು ಹುಟ್ಟಿದಾಗಿಂದ ಮುಳುಗೋವರೆಗೆ ನಾಲ್ಕಡಿ ಚೈನಲ್ಲಿ ಇದ್ದ ನಾಯಿಗೆ ಮೈಯಲ್ಲಿರೋ ಶಕ್ತಿ ಖರ್ಚಾಗಲ್ಲ. ಬಿಟ್ಟ ಕೂಡಲೇ ಹುಚ್ಚೆದ್ದು ಓಡುತ್ತೆ. ಬಿಟ್ಟಿದ್ದೇ ತಪ್ಪಾಯ್ತು ಅಂತ ನಾವು ಮತ್ತೆ ಕಟ್ಟುತ್ತೀವಿ. ದಾರಿಯಲ್ಲಿ ಹೋಗೋರನ್ನ ಕಂಡು ಕಂಡು, ಹತ್ರ ಹೋಗೋಕೆ ಆಗದೆ, ಕಚ್ಚೋ ಸ್ವಭಾವ ಬೆಳೆಯೋದು ಇಂಥ ನಾಯಿಗಳಿಗೇ ಹೆಚ್ಚು.

ಕಾನೂನೂ ಇದನ್ನ ಹೇಳುತ್ತೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸದಾ ಕಟ್ಟಿಹಾಕೋ ನಾಯಿಗೆ ಓಡಾಟ ಕೊಡದೆ ಇರೋದು ಅಪರಾಧ. ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಕಾರಣ ಇಲ್ಲದೆ ಬಿಟ್ಟು ಬರೋದೂ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? ಹತ್ತರಿಂದ ಐವತ್ತು ರೂಪಾಯಿ. ಅರವತ್ತು ವರ್ಷ ದಾಟಿದ್ರೂ ಅಷ್ಟೇ ಇದೆ. ಹಾಗಾಗಿ ದಂಡಕ್ಕೆ ಹೆದರಿ ಅಂತ ನಾನು ಹೇಳಲ್ಲ. ಘಾಟಿಯಲ್ಲಿ ಬಿಟ್ಟ ನಾಯಿಗಳಲ್ಲಿ ಬದುಕಿದ್ದು ಗುಂಪು ಕಟ್ಟುತ್ತೆ, ಮರಿ ಹಾಕುತ್ತೆ, ಲಸಿಕೆ ಇಲ್ಲದೆ ಬೆಳೆಯುತ್ತೆ, ಯಾವುದೋ ಊರಿನ ಕರುವನ್ನ ಹಿಡಿಯುತ್ತೆ. ನಮ್ಮ ತೋಟದ ತಲೆನೋವು ಇನ್ನೊಬ್ಬರ ಊರಿಗೆ ಹೋಯ್ತು, ಅಷ್ಟೇ.

ಕಟ್ಟಲೇಬೇಕಾದಾಗ ಎರಡು ಕಂಬದ ನಡುವೆ ಮೂವತ್ತು ನಲವತ್ತು ಅಡಿ ಗಟ್ಟಿ ತಂತಿ ಎಳೆದು, ಅದರಲ್ಲಿ ಜಾರೋ ಬಳೆಗೆ ಚೈನು ಹಾಕಿ. ನಾಯಿ ಆ ಕೊನೆಯಿಂದ ಈ ಕೊನೆಗೆ ಓಡಾಡುತ್ತೆ. ನೆರಳು, ನೀರು ಎರಡೂ ಚೈನಿಗೆ ಎಟಕೋ ಹಾಗೆ ಇರಲಿ. ಚೈನು ಸುತ್ತಿಕೊಳ್ಳೋ ಹಾಗೆ ಪಕ್ಕದಲ್ಲಿ ಗಿಡ ಮರ ಇರದಿರಲಿ. ಕುಯ್ಲಿನ ಆಳುಗಳು ಇರೋ ಹೊತ್ತಿಗೆ ಇದು ಸಾಕು.

ಬಂಟಿ ಜೊತೆ ನಾನು ಮಾಡಿದ್ದು

ಕರಿಯ ಹೋದ ಮೇಲೆ ನಾಲ್ಕು ವರ್ಷ ನಾಯಿ ಸಾಕಲಿಲ್ಲ. ಆಮೇಲೆ ಬಂಟಿ ಬಂತು, ಅದೂ ಊರ ನಾಯಿಯೇ. ಎಂಟನೇ ತಿಂಗಳಿಗೆ ಸರಿಯಾಗಿ ಅದೇ ಆಟ ಶುರು. ಈ ಸಲ ಕೋಲು ತಗೊಳ್ಳಲಿಲ್ಲ.

ಮೊದಲನೆಯದು, "ಬಾ" ಅನ್ನೋ ಒಂದು ಮಾತು. ಇಪ್ಪತ್ತು ಅಡಿ ಹಗ್ಗ ಕತ್ತಿನ ಪಟ್ಟಿಗೆ ಕಟ್ಟಿ ಬಿಡ್ತಿದ್ದೆ. ಕರೆಯೋದು, ಬಂದ್ರೆ ಒಂದು ಚೂರು ಒಣಮೀನು ಅಥವಾ ಬೇಯಿಸಿದ ಮೊಟ್ಟೆ ಕೊಟ್ಟು ಮತ್ತೆ ಆಡೋಕೆ ಬಿಡೋದು. ಬರದಿದ್ರೆ ಬೈಯದೆ ಹಗ್ಗ ಹಿಡಿದು ನಿಧಾನಕ್ಕೆ ಹತ್ರ ತಂದುಕೊಳ್ಳೋದು. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಒಂದು ನಿಯಮ ಮಾತ್ರ ಮುರಿಯಬೇಡಿ: ಕರೆದು ಹೊಡೆಯಬೇಡಿ. ಕೋಳಿ ಹಿಡಿದ ನಾಯಿಯನ್ನ "ಬಾ ಬಾ" ಅಂತ ಕರೆದು ಹೊಡೆದ್ರೆ ಅದು ಕಲಿಯೋದು ಕೋಳಿ ಹಿಡಿಯಬಾರದು ಅಂತ ಅಲ್ಲ, ಕರೆದ್ರೆ ಹೋಗಬಾರದು ಅಂತ. ಕರಿಯ ನನ್ನಿಂದ ಕಲಿತಿದ್ದು ಅದನ್ನೇ. ಆನೆ ದಾರಿಯಲ್ಲಿ ನಿಂತಾಗ ಈ ಒಂದು ಮಾತು ಕೇಳೋ ನಾಯಿ ನಿಮ್ಮ ಜೀವ ಉಳಿಸುತ್ತೆ, ಕೇಳದ ನಾಯಿ ಜೀವ ತೆಗೆಯುತ್ತೆ.

ಎರಡನೆಯದು, ಕಡಿಯೋಕೆ ಅದರದ್ದೇ ಸಾಮಾನು. ಗಂಟು ಹಾಕಿದ ಹಳೇ ಹಗ್ಗ, ಬಾಯಿಗೆ ಪೂರ್ತಿ ಹೋಗದಷ್ಟು ದೊಡ್ಡ ಹಸಿ ಮೂಳೆ. ಬೇಯಿಸಿದ ಕೋಳಿ ಮೂಳೆ ಬೇಡ, ಸೀಳಿ ಕರುಳಿಗೆ ಚುಚ್ಚುತ್ತೆ. ಹಳೇ ಚಪ್ಪಲಿಯನ್ನ ಆಟಕ್ಕೆ ಕೊಡಬೇಡಿ. ಹಳೇ ಚಪ್ಪಲಿ ಯಾವುದು, ಮೊನ್ನೆ ತಂದ ಚಪ್ಪಲಿ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ.

ಮೂರನೆಯದು, ಅದನ್ನ ತಿದ್ದೋ ಮೊದಲು ನಮ್ಮ ಸಾಮಾನು ಎತ್ತಿಡೋದು. ನರ್ಸರಿ ಸುತ್ತ ಮೂರಡಿ ಬಲೆ, ಕಣಕ್ಕೆ ಹೋಗೋ ದಾರಿಗೆ ಒಂದು ಗೇಟು, ಗಮ್ ಬೂಟಿಗೆ ಗೋಡೆಯಲ್ಲಿ ಮೊಳೆ. ಒಂದು ದಿನದ ಕೆಲಸ, ವರ್ಷದ ಬೈಗುಳ ಉಳಿಯಿತು.

ನಾಲ್ಕನೆಯದು, ಕೋಳಿ. ನಾಯಿಯನ್ನ ಹಗ್ಗದಲ್ಲಿ ಹಿಡಿದು ಕೋಳಿ ಕಾಣೋಷ್ಟು ದೂರದಲ್ಲಿ ಕೂರೋದು. ಕೋಳಿ ಬಿಟ್ಟು ನಿಮ್ಮ ಕಡೆ ತಿರುಗಿದ್ರೆ ತಿಂಡಿ. ವಾರಕ್ಕೊಂದು ಮಾರು ಹತ್ರ. ಬಂಟಿಗೆ ಎರಡು ತಿಂಗಳು ಹಿಡೀತು. ನಡುವೆ ಒಂದು ಹುಂಜ ಹೋಯ್ತು, ಸುಳ್ಳು ಹೇಳಲ್ಲ.

ಐದನೆಯದು, ಆಳುಗಳು. ಮೇಲೆ ಹಾರೋ ನಾಯಿಯನ್ನ ಕೂಗಿ ತಳ್ಳಿದ್ರೆ ಅದಕ್ಕೆ ಅದೂ ಆಟ. ಕೈ ಕಟ್ಟಿ ಬೆನ್ನು ತಿರುಗಿಸಿ ನಿಂತುಬಿಡಿ, ನಾಲ್ಕು ಕಾಲು ನೆಲಕ್ಕೆ ಬಂದ ಮೇಲೆ ಮಾತಾಡಿಸಿ ಅಂತ ಎಲ್ಲರಿಗೂ ಹೇಳಿಕೊಟ್ಟೆ. ಮನೆಯವರೆಲ್ಲ ಒಂದೇ ಥರ ಮಾಡಬೇಕು. ನಾನು ಬೇಡ ಅಂದಿದ್ದಕ್ಕೆ ಅಪ್ಪ ಬೆನ್ನು ತಟ್ಟಿದ್ರೆ ನಾಯಿಗೆ ಅರ್ಥ ಆಗೋದು ಹೇಗೆ? ಆದ್ರೆ ಹೆದರೋರ ಮೇಲೆ ಪ್ರಯೋಗ ಬೇಡ. ಅವರು ಬರೋ ಹೊತ್ತಿಗೆ ನಾಯಿ ತಂತಿಗೆ ಕಟ್ಟಿರಲಿ, ಅದು ಅವರ ಹಕ್ಕು.

ಯೂಟ್ಯೂಬಲ್ಲಿ ನಾಯಿಯನ್ನ ನೆಲಕ್ಕೆ ಒತ್ತಿ ಹಿಡಿದು "ನಾನೇ ಯಜಮಾನ ಅಂತ ತೋರಿಸಿ" ಅನ್ನೋ ವಿಡಿಯೋಗಳಿವೆ, ಕರೆಂಟು ಹೊಡೆಯೋ ಪಟ್ಟಿ ಮಾರೋರೂ ಇದ್ದಾರೆ. ಹೆದರಿಸಿದ ನಾಯಿ ಇವತ್ತು ಸುಮ್ಮನಿರುತ್ತೆ, ನಾಳೆ ಎಚ್ಚರಿಕೆ ಕೊಡದೆ ಕಚ್ಚುತ್ತೆ. ಅಂಥದ್ದಕ್ಕೆ ದುಡ್ಡು ಹಾಕಬೇಡಿ.

ಸೂಜಿ ಮತ್ತು ಆಪರೇಷನ್

ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಿದವರು ಆಮೇಲೆ ಮರೆತುಬಿಡ್ತಾರೆ. ವೈದ್ಯರು ಹೇಳಿದ ಹಾಗೆ ಬೂಸ್ಟರ್, ಮತ್ತೆ ವರ್ಷಕ್ಕೊಂದು ಸಲ ಬೇಕೇ ಬೇಕು. ಮೊಬೈಲಿನಲ್ಲಿ ರಿಮೈಂಡರ್ ಇಟ್ಟುಬಿಡಿ. ಆಡೋವಾಗ ಹಲ್ಲು ತಾಗಿ ರಕ್ತ ಬಂದ್ರೂ ನಮ್ಮನೇ ನಾಯಿ ತಾನೇ ಅಂತ ಅರಿಶಿನ ಹಚ್ಚಿ ಸುಮ್ಮನಾಗಬೇಡಿ. ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ತೋರಿಸಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು.

ಸಂತಾನಹರಣದ ಬಗ್ಗೆ ನನ್ನ ಅಭಿಪ್ರಾಯ ನೇರ: ಮರಿ ಬೇಡದವರು ಮಾಡಿಸಿ. ಯಾವ ವಯಸ್ಸಿಗೆ ಅನ್ನೋದನ್ನ ನಾಯಿಯ ಗಾತ್ರ ನೋಡಿ ವೈದ್ಯರು ಹೇಳ್ತಾರೆ. ಗಂಡು ನಾಯಿ ಊರು ಸುತ್ತೋದು, ಬೆದೆಯ ಜಗಳದಲ್ಲಿ ಮೈ ಹರಿದುಕೊಂಡು ಬರೋದು ಇದರಿಂದ ಕಮ್ಮಿ ಆಗುತ್ತೆ. ಚಪ್ಪಲಿ ಕಡಿಯೋದು, ಮೇಲೆ ಹಾರೋದು ನಿಲ್ಲಲ್ಲ, ಅದಕ್ಕೆ ಕಲಿಸಲೇಬೇಕು. ಹೆಣ್ಣು ನಾಯಿ ಬೆದೆಗೆ ಬಂದು ಅರವತ್ತಮೂರು ದಿನದ ಸುಮಾರಿಗೆ ಐದಾರು ಮರಿ ಹಾಕುತ್ತೆ. ಸಂತೆ ಬಯಲಲ್ಲಿ, ಮೀನು ಮಾರ್ಕೆಟ್ ಪಕ್ಕ ರಟ್ಟಿನ ಡಬ್ಬದಲ್ಲಿ ಬಿಟ್ಟು ಹೋಗೋ ಮರಿಗಳು ಇಂಥವೇ.

ಟೈಮ್ ಎಲ್ಲಿದೆ ಅಂತೀರಾ?

ಕುಯ್ಲು, ಗೊಬ್ಬರ, ಕಪಾತು, ಇದರ ನಡುವೆ ನಾಯಿಗೆ ಪಾಠ ಹೇಳೋಕೆ ಯಾರಿಗೆ ಪುರುಸೊತ್ತು ಅಂತ ಕೇಳ್ತೀರಿ. ನಿಜ. ಆದ್ರೆ ನಾಯಿ ಬೇಕು ಅಂತ ತಂದಿದ್ದು ನಾವೇ, ಅದು ಅರ್ಜಿ ಹಾಕಿ ಬಂದಿದ್ದಲ್ಲ. ದಿನಕ್ಕೆ ಹತ್ತು ನಿಮಿಷ ಇಲ್ಲದವರು ಮರಿ ತರಬೇಡಿ. ತಂದ ಮೇಲೆ ನಿಜಕ್ಕೂ ಆಗಲ್ಲ ಅನ್ನಿಸಿದ್ರೆ, ಲಸಿಕೆ ಹಾಕಿಸಿ, ಅದರ ಸ್ವಭಾವ ಮುಚ್ಚಿಡದೆ ಹೇಳಿ, ಗೊತ್ತಿರೋರ ಮನೆಗೆ ಕೊಡಿ. ಅದರಲ್ಲಿ ತಪ್ಪಿಲ್ಲ. ಮಕ್ಕಳನ್ನೋ ಆಳುಗಳನ್ನೋ ನಿಜವಾಗಿ ಕಚ್ಚೋ ನಾಯಿ ಇದ್ರೆ ಈ ಲೇಖನ ಓದಿಕೊಂಡು ಕೂರಬೇಡಿ, ಪಶುವೈದ್ಯರಿಗೆ ತೋರಿಸಿ. ನೋವು, ಕಾಯಿಲೆ ಇದ್ರೂ ನಾಯಿ ಕಚ್ಚುತ್ತೆ.

ಫೋನ್ ಮಾಡಿದ ಹುಡುಗನಿಗೆ ಇಷ್ಟನ್ನೇ ಹೇಳಿದೆ. ಮಾರನೇ ಭಾನುವಾರ ಹೋಗಿ ಇಬ್ಬರೂ ಸೇರಿ ತಂತಿ ಎಳೆದ್ವಿ, ನರ್ಸರಿಗೆ ಬಲೆ ಕಟ್ಟಿದ್ವಿ. ಈಗ ಆ ನಾಯಿಗೆ ಹನ್ನೊಂದು ತಿಂಗಳು. ಹತ್ತು ಸಲ ಕರೆದ್ರೆ ಏಳು ಸಲ ಬರುತ್ತಂತೆ. ಹೋದ ವಾರ ಮತ್ತೆ ಒಂದು ಗಮ್ ಬೂಟು ಹೋಗಿದೆ, ಎಡಗಾಲಿಂದು. ಬೈಕೊಂಡು ಫೋಟೋ ಕಳಿಸಿದ್ದ. ಘಾಟಿಯ ಮಾತು ಎತ್ತಲಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ರೆ ಇವತ್ತು ಸಂಜೆ ಫೋನ್ ಒಳಗಿಟ್ಟು, ಒಂದು ಉದ್ದ ಹಗ್ಗ, ಒಂದು ಹಿಡಿ ಒಣಮೀನು ತಗೊಂಡು ಅಂಗಳಕ್ಕೆ ಇಳಿಯಿರಿ. ಐದೇ ನಿಮಿಷ.